ಖಲೀಲ್ ಸಾಬರ ಕರಿಪುಡಿ

ಖಲೀಲುಲ್ಲಾ ಸಾಬರನ್ನು ಮೋಸಗಾರ ಎನ್ನುವವರು ಗುಬ್ಬಿ ತಾಲ್ಲೂಕಿನಲ್ಲಿ ಈಗಲೂ ಇದ್ದಾರೆ. ಅವರಲ್ಲಿ ಅರ್ಧ ಜನಕ್ಕೆ ನಡೆದದ್ದೇನೆಂದು ಗೊತ್ತಿಲ್ಲ. ಇನ್ನರ್ಧ ಜನಕ್ಕೆ ಗೊತ್ತಿದೆ, ಆದರೂ ಹಾಗೇ ಅನ್ನುತ್ತಾರೆ. ಅಂಥವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ನಾನು ಗುರುಪ್ರಕಾಶ, ನಿಟ್ಟೂರಿನವನು. ಆರೋಗ್ಯ ಇಲಾಖೆಯಲ್ಲಿ ಆರೋಗ್ಯ ಸಹಾಯಕನಾಗಿ ಇಪ್ಪತ್ತೆಂಟು ವರ್ಷ ಮನೆಮನೆ ತಿರುಗಿದವನು. ಮಲೇರಿಯಾಕ್ಕೆ ರಕ್ತ ತೆಗೆಯುವುದು, ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಿಸುವುದು, ಮಕ್ಕಳಿಗೆ ಪೋಲಿಯೋ ಹನಿ ಹಾಕಿಸುವುದು ನನ್ನ ಕೆಲಸ. ಜನರ ಬಾಯೊಳಗೆ ನೋಡು ಎಂದು ನನಗೆ ಯಾವ ಅಧಿಕಾರಿಯೂ ಹೇಳಿರಲಿಲ್ಲ, ನಾನೂ ನೋಡಿರಲಿಲ್ಲ.

ಸಾಬರ ಮನೆ ತುಮಕೂರಿನ ಉಪ್ಪಾರಹಳ್ಳಿಯಲ್ಲಿ. ತಂದೆಯ ಕಾಲದಿಂದ ಹಲ್ಲುಪುಡಿಯೇ ಕಸುಬು. ತೆಂಗಿನ ಚಿಪ್ಪು ಸುಟ್ಟ ಇದ್ದಿಲು, ಕರಿಜಾಲಿ ಚಕ್ಕೆ, ಅಳಲೆಕಾಯಿ, ಪಟಿಕ, ಉಪ್ಪು, ಲವಂಗ. ಇಷ್ಟನ್ನೂ ಒಣಗಿಸಿ, ಕುಟ್ಟಿ, ತೆಳು ಬಟ್ಟೆಯಲ್ಲಿ ಸೋಸಿದರೆ ಅವರ ಕರಿಪುಡಿ ತಯಾರು. ಅದನ್ನು ಪೊಟ್ಟಣ ಕಟ್ಟಿಕೊಂಡು ಮೊಪೆಡ್ ಮೇಲೆ ಗುಬ್ಬಿ, ನಿಟ್ಟೂರು, ಕುಣಿಗಲ್ ಸಂತೆಗಳಿಗೆ ಬರುತ್ತಿದ್ದರು. ತೆಳ್ಳನೆಯ ಆಳು, ಇಸ್ತ್ರಿ ಮಾಡಿದ ಬಿಳಿ ಜುಬ್ಬ. ಅರವತ್ತು ಹತ್ತಿರವಾದರೂ ಕಬ್ಬು ಸಿಗಿಯುವಂಥ ಹಲ್ಲು.

ಗಿರಾಕಿ ಕೇಳಲಿ ಬಿಡಲಿ, ಸಾಬರು ಮೊದಲು ತಗಡಿನ ಡಬ್ಬಿಯಿಂದ ಒಂದು ಚಿಟಿಕೆ ಪುಡಿ ತೆಗೆದು ತಮ್ಮ ಬಾಯಿಗೆ ಹಾಕಿಕೊಂಡು ನುಂಗುತ್ತಿದ್ದರು. ಆಮೇಲೆ ಎರಡೂ ಕೈ ಚಾಚಿ ಹೇಳುತ್ತಿದ್ದರು: "ಹೊಗೆಸೊಪ್ಪಿರೋ ಪುಡೀನ ಯಾವನಾದ್ರೂ ನುಂಗ್ತಾನೇನ್ರಪ್ಪಾ? ನುಂಗುದ್ರೆ ತಲೆ ತಿರುಗಿ ಬೀಳ್ತಾನೆ. ನೋಡಿ, ನಿಂತಿದೀನಿ!"

ಈ ಮಾತಿಗೆ ಆಗ ಬೆಲೆಯಿತ್ತು. ಬಸ್ ಸ್ಟ್ಯಾಂಡುಗಳಲ್ಲಿ ಮಾರುವ ಕರಿಪುಡಿಗಳಲ್ಲಿ ಬಹುಪಾಲು ಹೊಗೆಸೊಪ್ಪು ಬೆರೆತವೇ. ಹಾಗೆ ಬೆರೆಸಬಾರದೆಂದು ಸರ್ಕಾರ ಕಾನೂನು ಮಾಡಿದ ಮೇಲೂ ಕದ್ದು ಬೆರೆಸುವವರು ಬೆರೆಸುತ್ತಲೇ ಇದ್ದರು. ತಿಕ್ಕಿದವರಿಗೆ ಹಲ್ಲುನೋವು ಮರೆತುಹೋಗಿ, ಮೂರು ತಿಂಗಳಲ್ಲಿ ಅದಿಲ್ಲದೆ ಕೈಕಾಲು ಆಡುತ್ತಿರಲಿಲ್ಲ. ಹಾಗಾಗಿ ಮರ್ಯಾದಸ್ಥರ ಮನೆಯ ಹೆಂಗಸರು ಬೇರೆ ಯಾರ ಪುಡಿಯನ್ನೂ ಮುಟ್ಟದೆ ಸಾಬರ ಪುಡಿಯನ್ನೇ ಕಾದು ಕೊಳ್ಳುತ್ತಿದ್ದರು. ಹೊಗೆಸೊಪ್ಪಿಲ್ಲ ಎನ್ನುವ ಆ ಒಂದು ಮಾತೇ ಅವರ ಬಂಡವಾಳ. ಅದು ಹೋದರೆ ಸಾಬರ ಬಳಿ ಇದ್ದಿಲು ಬಿಟ್ಟು ಇನ್ನೇನೂ ಉಳಿಯುತ್ತಿರಲಿಲ್ಲ, ಇದು ಅವರಿಗೂ ಗೊತ್ತಿತ್ತು.

ಆ ಮಾತಿನ ಜೊತೆಗೆ ಇನ್ನೆರಡು ಮಾತು ಸೇರಿಸುತ್ತಿದ್ದರು. ಒಂದು, ಹಲ್ಲು ಡಾಕ್ಟರರ ಮೇಲೆ. "ಮಿಷನ್ ಬುಟ್ಟು ಕ್ಲೀನ್ ಮಾಡ್ತೀನಿ ಅಂತಾರೆ. ಮಾಡಿಸ್ಕೊಂಡ್ ಬನ್ನಿ, ಆಮೇಲೆ ಹಲ್ಲು ಅಲ್ಲಾಡಕ್ಕೆ ಶುರುವಾಗ್ಲಿಲ್ಲ ಅಂದ್ರೆ ನನ್ ಕೇಳಿ." ಇನ್ನೊಂದು, ತಮ್ಮ ಹೆಂಡತಿ ರಝಿಯಾರ ಮೇಲೆ. ಎರಡನೆಯ ಹೆರಿಗೆಯಾದ ಮೇಲೆ ಆಕೆಯ ವಸಡಿನಲ್ಲಿ ರಕ್ತ ಬರುತ್ತಿತ್ತಂತೆ. "ನಮ್ ಮನೆಯೋಳ ರಕ್ತ ನಿಲ್ಸಿದ ಪುಡಿ ಇದು!" ಎಂದು ಡಬ್ಬಿ ಎತ್ತಿ ತೋರಿಸುತ್ತಿದ್ದರು. ಸಂತೆಯಲ್ಲಿ ಹೆಂಡತಿಯ ಬಾಯಿಯ ಸುದ್ದಿ ಆಡುವುದು ನನಗೆ ಅಷ್ಟಾಗಿ ಹಿಡಿಸುತ್ತಿರಲಿಲ್ಲ. ಆದರೆ ಜನ ಆ ಮಾತಿಗೇ ಹೆಚ್ಚು ತಲೆದೂಗುತ್ತಿದ್ದರು.

ಒಂದು ದಿನ ಗುಬ್ಬಿಯ ಹೋಟೆಲೊಂದರ ಹಿಂದೆ ಸಾಬರು ಕಡ್ಡಿ ಜಗಿದು ಹಲ್ಲು ಉಜ್ಜುತ್ತಿದ್ದುದನ್ನು ಕಂಡೆ.

"ಏನ್ ಸಾಬ್ರೇ, ನಿಮ್ಮ ಪುಡಿ ನಿಮಗೇ ಬೇಡ್ವಾ?" ಎಂದು ಕಿಚಾಯಿಸಿದೆ.

"ಮಿಸ್ವಾಕ್ ಕಡ್ಡಿ ಸಾರ್ ಇದು, ಸುನ್ನತ್ತು, ಪೈಗಂಬರ್ರು ಮಾಡ್ತಿದ್ದ ಪದ್ಧತಿ. ಐದು ಹೊತ್ತಿನ ನಮಾಜಿಗೂ ಮುಂಚೆ ಇದ್ರಲ್ಲೇ ಉಜ್ಜೋದು. ಹುಡುಗ್ನಾಗಿದ್ದಾಗ್ಲಿಂದ ಅಭ್ಯಾಸ. ಪುಡಿ ಏನಿದ್ರೂ ಮನೇಲಿರೋರಿಗೆ, ಗಿರಾಕಿಗಳಿಗೆ."

ನಾನು ನಕ್ಕೆ. ಹೋಟೆಲಿನವನು ಮನೆಗೆ ಹೋಗಿ ಊಟ ಮಾಡಿದ ಹಾಗೆ ಎಂದುಕೊಂಡೆ. ಆ ಹಲ್ಲು ನೋಡಿ ಜನ ಪುಡಿ ಕೊಳ್ಳುತ್ತಿದ್ದರು. ಸಾಬರು ಪುಡಿಯಿಂದ ಹೀಗಾಗಿದೆ ಎಂದು ಬಾಯಿಬಿಟ್ಟು ಎಂದೂ ಹೇಳಲಿಲ್ಲ, ಅಲ್ಲವೆಂದೂ ಹೇಳಲಿಲ್ಲ.

೧೯೯೪ರಲ್ಲಿ ಮೊಪೆಡ್‌ನಿಂದ ಬಿದ್ದು ಸಾಬರ ಬಲಗೈ ಮಣಿಕಟ್ಟು ಮುರಿಯಿತು. ಕೂಡಿಕೊಂಡರೂ ಕುಟ್ಟುವ ಶಕ್ತಿ ಬರಲಿಲ್ಲ. ಮರುವರ್ಷ ಮಗಳು ಸಿದ್ರಾಳ ಮದುವೆಯಾಯಿತು. ಅಳಿಯ ಝುಬೇರ್ ಕುಣಿಗಲ್ಲಿನವನು, ಖಾರದಪುಡಿ ಮಿಷನ್ ಇಟ್ಟಿದ್ದ. ಚುರುಕು ಹುಡುಗ, ನಗುಮುಖ. ಮಾವನಿಗೆ ಕೈ ನೋವೆಂದು ತಿಳಿದದ್ದೇ ತಡ, ಪುಡಿ ಮಾಡುವ ಕೆಲಸವನ್ನೆಲ್ಲ ತನ್ನ ಮಿಷನ್‌ಗೆ ತೆಗೆದುಕೊಂಡ. ಕಾಗದದ ಪೊಟ್ಟಣ ಹೋಗಿ ಅಂಟು ಹಾಕಿದ ಪ್ಲಾಸ್ಟಿಕ್ ಪೊಟ್ಟಣ ಬಂತು. ಅದರ ಮೇಲೆ ಸಾಬರ ಫೋಟೋ ಕೂಡ ಬಂತು.

"ಇಂಥ ಅಳಿಯ ಸಿಗ್ಬೇಕಾದ್ರೆ ಪುಣ್ಯ ಮಾಡಿರ್ಬೇಕು ಸಾರ್. ನಾನ್ ಸಂತೇಲಿ ತೋರ್ಸೋ ಡಬ್ಬೀನೂ ಅವನೇ ವಾರ ವಾರ ತೊಳ್ದು, ಒರ್ಸಿ, ಪುಡಿ ತುಂಬ್ಕೊಡ್ತಾನೆ. ಯಾರ್ಗೂ ಮುಟ್ಟಕ್ ಬಿಡಲ್ಲ," ಎಂದು ಸಾಬರು ನನ್ನ ಮುಂದೆ ಹೇಳಿಕೊಂಡರು.

ನನಗೂ ಖುಷಿಯಾಯಿತು. ವ್ಯಾಪಾರ ಏರಿತು. ಮುಂಚೆ ಮಧ್ಯಾಹ್ನದವರೆಗೂ ಕೂಗಿದರೆ ಖರ್ಚಾಗುತ್ತಿದ್ದ ಪುಡಿ ಈಗ ಬೆಳಿಗ್ಗೆ ಹತ್ತಕ್ಕೆಲ್ಲ ಮುಗಿಯುತ್ತಿತ್ತು. ಹೆಂಗಸರು ಸಂತೆಗೆ ಬಂದವರು ಸೊಪ್ಪು ಸದೆ ಕೊಳ್ಳುವ ಮೊದಲು ಸಾಬರ ಮುಂದೆ ನಿಲ್ಲುತ್ತಿದ್ದರು. ನಿಂತವರಲ್ಲಿ ನನ್ನ ತಾಯಿಯೂ ಒಬ್ಬಳು.

ನನ್ನ ತಾಯಿ ಬಸವಲಿಂಗಮ್ಮನ ವಿಷಯ ಇಲ್ಲಿ ಹೇಳಲೇಬೇಕು. ನಮ್ಮ ತಂದೆ ಮಹಾಲಿಂಗಯ್ಯನವರು ಮಠಕ್ಕೆ ನಡೆದುಕೊಂಡವರು. ಬೀಡಿ, ನಶ್ಯ, ಹೊಗೆಸೊಪ್ಪು ನಮ್ಮ ಹೊಸ್ತಿಲು ದಾಟುವಂತಿರಲಿಲ್ಲ. ಕೂಲಿಗೆ ಬಂದವರು ಬೀಡಿ ಸೇದಬೇಕೆಂದರೆ ರಸ್ತೆಗೆ ಹೋಗಬೇಕು. ಅಮ್ಮ ಸ್ನಾನ ಮಾಡಿ, ವಿಭೂತಿ ಹಚ್ಚಿ, ಲಿಂಗಪೂಜೆ ಮುಗಿಸದೆ ನೀರು ಮುಟ್ಟುವವಳಲ್ಲ. ಅವಳಿಗೆ ಸಾಬರ ಪುಡಿಯ ಮೇಲೆ ಅಷ್ಟು ನಂಬಿಕೆ ಬಂದದ್ದೂ ಹೊಗೆಸೊಪ್ಪಿಲ್ಲ ಎಂಬ ಮಾತಿನಿಂದಲೇ.

ಅಮ್ಮ ಮೊದಲು ಬೆಳಿಗ್ಗೆ ಒಂದು ಸಲ ಹಲ್ಲುಜ್ಜುತ್ತಿದ್ದವಳು ಬರಬರುತ್ತಾ ಊಟವಾದ ಮೇಲೊಂದು ಸಲ, ಸಂಜೆ ಒಂದು ಸಲ, ಮಲಗುವ ಮುಂಚೆ ಒಂದು ಸಲ ಉಜ್ಜತೊಡಗಿದಳು. ಪುಡಿಯನ್ನು ಕೆಳತುಟಿಯ ಹಿಂದೆ ಇಟ್ಟುಕೊಂಡು ಅರ್ಧ ಗಂಟೆ ಹಿತ್ತಿಲಲ್ಲಿ ಕೂತಿರುತ್ತಿದ್ದಳು. ಪುಡಿ ತೀರಿದ ದಿನ ತಲೆನೋವು, ಸಿಡುಕು, ಸೊಸೆಯ ಮೇಲೆ ರೇಗಾಟ. ನಾನು ಆರೋಗ್ಯ ಇಲಾಖೆಯ ಸಂಬಳ ತಿನ್ನುವವನು, ಇದನ್ನೆಲ್ಲ ನೋಡಿ ಏನಂದೆ ಗೊತ್ತೇ? "ವಯಸ್ಸಾದ್ರೂ ನಮ್ಮಮ್ಮನ ಸ್ವಚ್ಛತೆ ನೋಡಿ ಕಲೀರಿ" ಎಂದು ಸಭೆಗಳಲ್ಲಿ ಉದಾಹರಣೆ ಕೊಟ್ಟೆ. ಈಗ ನೆನೆಸಿಕೊಂಡರೆ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳೋಣ ಅನಿಸುತ್ತದೆ.

೨೦೦೧ರ ಜುಲೈನಲ್ಲಿ ನಿಟ್ಟೂರಿನ ಶಾಲೆಯಲ್ಲಿ ದಂತ ತಪಾಸಣೆ ಶಿಬಿರ ಇಟ್ಟೆವು. ಓಡಾಡಿದವನು ನಾನೇ. ತುಮಕೂರಿನ ಬಿ.ಎಚ್. ರಸ್ತೆಯಲ್ಲಿ ಕ್ಲಿನಿಕ್ ಇಟ್ಟಿದ್ದ ಡಾಕ್ಟರ್ ಕಾವ್ಯ ಎಂಬ ಹೆಣ್ಣುಮಗಳು ದುಡ್ಡಿಲ್ಲದೆ ಬರಲು ಒಪ್ಪಿದ್ದರು. ಹಲ್ಲಿನ ಶಿಬಿರವೆಂದ ಮೇಲೆ ಹಲ್ಲುಪುಡಿಯವರೂ ಇರಲಿ ಎಂದು ಖಲೀಲ್ ಸಾಬರನ್ನೂ ನಾನೇ ಕರೆದು, ಶಾಲೆಯ ಜಗುಲಿಯಲ್ಲಿ ಜಾಗ ಮಾಡಿಕೊಟ್ಟೆ. ಡಾಕ್ಟರರ ಮೇಲೆ ಸಾಬರು ಸಂತೆಯಲ್ಲಿ ಆಡುವ ಮಾತು ನೆನಪಿದ್ದೂ ಕರೆದೆ. ಅವತ್ತು ಅವರು ಬಾಯಿ ಬಿಗಿಹಿಡಿದು ಕೂತಿದ್ದರು.

ಹನ್ನೊಂದರ ಸುಮಾರಿಗೆ ಅಮ್ಮನ ಸರದಿ ಬಂತು. ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂರಿಸಿ ಡಾಕ್ಟರ್ ಪುಟ್ಟ ಕನ್ನಡಿ ಹಿಡಿದು ನೋಡಿದರು. ಕೆಳತುಟಿಯನ್ನು ಮಡಚಿ ಇನ್ನೊಮ್ಮೆ ನೋಡಿದರು.

"ಅಮ್ಮಾ, ಹೊಗೆಸೊಪ್ಪು ಹಾಕ್ತೀರಾ?"

ಅಮ್ಮ ಕುರ್ಚಿ ಬಿಟ್ಟು ಎದ್ದೇಬಿಟ್ಟಳು. "ಏನಂದೆ ತಾಯಿ? ಸ್ವಾಮಿಗಳು ಪಾದ ಇಟ್ಟಿರೋ ಮನೆ ನಮ್ದು!"

ಡಾಕ್ಟರ್ ಸಿಟ್ಟಾಗಲಿಲ್ಲ. ಮತ್ತೆ ಕೂರಿಸಿದರು. ಕೆಳಗಿನ ಹಲ್ಲುಗಳು ಉದ್ದವಾಗಿ ಕಾಣುವುದು ಹಲ್ಲು ಬೆಳೆದದ್ದರಿಂದಲ್ಲ, ವಸಡು ಕೆಳಗೆ ಸರಿದದ್ದರಿಂದ ಎಂದು ನನಗೆ ತೋರಿಸಿದರು. ತುಟಿಯ ಒಳಗೆ ಬೆಳ್ಳಗೆ ಸುಕ್ಕುಗಟ್ಟಿದ ಚರ್ಮ ತೋರಿಸಿದರು. ಹಲ್ಲಿನ ಬುಡದಲ್ಲಿ ಕಲ್ಲಿನ ಹಾಗೆ ಕಿಟ್ಟ ಕಟ್ಟಿತ್ತು. ಎರಡು ಹಲ್ಲು ಬೆರಳು ತಾಗಿಸಿದರೆ ಅಲುಗುತ್ತಿದ್ದವು.

"ರಕ್ತ ಬರುತ್ತಾ ಅಮ್ಮಾ?"

"ಮುಂಚೆ ಬರ್ತಿತ್ತು. ಖಲೀಲನ ಪುಡಿ ಹಾಕಿ ನಿಂತೋಯ್ತು."

"ರಕ್ತ ನಿಂತಿದೆ, ಕಾಯಿಲೆ ನಿಂತಿಲ್ಲ," ಎಂದರು ಡಾಕ್ಟರ್. "ವಸಡಿಗೆ ಬೇರೆ ಬಾಯಿಲ್ಲ. ಕಿಟ್ಟ ಕಟ್ಟಿದೆ, ಕ್ಲೀನ್ ಮಾಡ್ಸು ಅಂತ ಹೇಳೋದೇ ರಕ್ತದ ಮೂಲಕ. ಹೊಗೆಸೊಪ್ಪು ಆ ರಕ್ತಾನ ತಡೆಯುತ್ತೆ, ನೋವನ್ನೂ ಗೊತ್ತಾಗೋಕೆ ಬಿಡಲ್ಲ. ಒಳಗೆ ಮೂಳೆ ಕರಗ್ತಾ ಇರುತ್ತೆ."

ಅಮ್ಮನ ಸೊಂಟದಲ್ಲಿ ಸಿಕ್ಕಿಸಿಕೊಂಡಿದ್ದ ಪೊಟ್ಟಣ ತೆಗೆಸಿ, ಬೆರಳಲ್ಲಿ ಉಜ್ಜಿ ಮೂಸಿದರು. ತಮ್ಮ ವಸಡಿಗೆ ಸ್ವಲ್ಪ ಹಚ್ಚಿಕೊಂಡು ಉಗಿದರು. "ಇದರಲ್ಲೇ ಇದೆ," ಎಂದರು.

ಕಿಟಕಿಯ ಆಚೆಗಿದ್ದ ಸಾಬರಿಗೆ ಇದು ಕೇಳಿಸಿತು. ಡಬ್ಬಿ ಹಿಡಿದುಕೊಂಡು ಒಳಗೆ ಬಂದರು. ಮುಖ ಕೆಂಪಾಗಿತ್ತು.

"ಡಾಕ್ಟ್ರಮ್ಮ, ಇದು ನಮ್ಮಪ್ಪನ ಕಾಲದ ಮಾತು. ಸುಮ್ ಸುಮ್ನೆ ಅನ್ಬೇಡಿ," ಎಂದು ಡಬ್ಬಿಯಿಂದ ಒಂದು ಚಿಟಿಕೆ ತೆಗೆದು ನುಂಗಿದರು.

"ಡಬ್ಬೀದಲ್ಲ ಸಾಬ್ರೇ. ಪೊಟ್ಟಣದ್ದು ನುಂಗಿ."

"ಕೊಡೀ!"

ಅಮ್ಮನ ಪೊಟ್ಟಣ ತೆಗೆದುಕೊಂಡು ಅಂಗೈಯ ಕುಳಿ ತುಂಬುವಷ್ಟು ಸುರಿದುಕೊಂಡರು. ಡಾಕ್ಟರ್ ಬೇಡ ಬೇಡ ಎನ್ನುವಷ್ಟರಲ್ಲಿ ಬಾಯಿಗೆ ಹಾಕಿ, ನೀರು ಕುಡಿದು, ಜಗುಲಿಗೆ ಬಂದು ಜನರ ಮುಂದೆ ಕೈಕಟ್ಟಿ ನಿಂತರು. ಅರವತ್ತು ಎಪ್ಪತ್ತು ಜನ ಇದ್ದಿರಬೇಕು. ಮೊದಲು ಹಣೆಯ ಮೇಲೆ ಬೆವರು ಬಂತು. ಆಮೇಲೆ ಬಿಕ್ಕಳಿಕೆ. ಕಂಬ ಹಿಡಿದುಕೊಂಡರು. ಕಾಲು ನಿಲ್ಲಲಿಲ್ಲ, ಕುಸಿದು ಕೂತು, ಆ ಬಿಳಿ ಜುಬ್ಬದ ಮೇಲೆಲ್ಲ ಕಪ್ಪಗೆ ವಾಂತಿ ಮಾಡಿಕೊಂಡರು.

ಯಾರೂ ಹತ್ತಿರ ಬರಲಿಲ್ಲ. ಹಿಂದಿನಿಂದ ಯಾರೋ "ಥೂ ನಿನ್ನ, ಎಷ್ಟ್ ವರ್ಷದಿಂದ ತಿನ್ಸಿದ್ಯೋ" ಎಂದು ಉಗಿದರು. ನಾನು, ಡಾಕ್ಟರ್ ಸೇರಿ ಮಲಗಿಸಿ ನೀರು ಕೊಟ್ಟೆವು. ಉಸಿರು ತಿರುಗಿದ ಮೇಲೆ ಸಾಬರು ನನ್ನ ಕೈ ಹಿಡಿದುಕೊಂಡು, "ಇದು ನನ್ ಪುಡಿ ಅಲ್ಲ ಸಾರ್, ನನ್ ಪುಡಿ ಅಲ್ಲ," ಎಂದರು. ಅಷ್ಟರಲ್ಲಿ ಅಮ್ಮ ಬಂದು ಎದುರಿಗೆ ನಿಂತಳು. ಬೈಯಲಿಲ್ಲ.

"ಲಿಂಗ ಮುಟ್ಟೋ ಕೈಲಿ ದಿನಾ ನಾಕ್ ಸಲ ಹೊಗೆಸೊಪ್ಪು ತಿಕ್ಕಿದೀನೇನಪ್ಪ ಖಲೀಲ? ನಿನ್ನ ನಂಬಿ?" ಎಂದು ಕೇಳಿದಳು.

ಸಾಬರು ಮಲಗಿದ್ದಲ್ಲಿಂದಲೇ ಕೈ ಮುಗಿದರು.

ಮಾರನೆಯ ದಿನ ಅವರನ್ನು ನನ್ನ ಬೈಕಿನ ಹಿಂದೆ ಕೂರಿಸಿಕೊಂಡು ಕುಣಿಗಲ್ಲಿಗೆ ಹೋದೆ. ಝುಬೇರ್ ಮಿಷನ್ ಓಡಿಸುತ್ತಿದ್ದ. ಮೆಣಸಿನಕಾಯಿ ಮೂಟೆಗಳ ಹಿಂದೆ ಹೊಗೆಸೊಪ್ಪಿನ ಕಡ್ಡಿ ತುಂಬಿದ ಎರಡು ಚೀಲ ಇದ್ದವು. ಹುಡುಕುವ ಕಷ್ಟವೂ ಬರಲಿಲ್ಲ. ಸುಳ್ಳು ಹೇಳುತ್ತಾನೆ, ಅತ್ತು ಕರೆಯುತ್ತಾನೆ ಎಂದುಕೊಂಡು ಹೋಗಿದ್ದೆ. ಅವನು ಮಿಷನ್ ಆರಿಸಿ, ಕೈ ಒರೆಸಿಕೊಂಡು, ಮಾವನಿಗೆ ಸ್ಟೂಲ್ ಹಾಕಿದ.

"ಮಾಮೂ, ನಿಮ್ಮ ಪುಡಿ ತಗೊಂಡೋರು ಆರ್ ತಿಂಗ್ಳಾದ್ರೂ ತಿರುಗಿ ಬರ್ತಿರ್ಲಿಲ್ಲ. ಈಗ ವಾರ ವಾರ ಬಂದು ನಿಲ್ತಾರೆ. ಯಾರಾದ್ರೂ ಬಂದು ಕೆಟ್ಟದಾಗಿದೆ ಅಂದವ್ರಾ? ನೋವು ಹೋಯ್ತು, ರಕ್ತ ನಿಂತೋಯ್ತು ಅಂತಾನೇ ಅಂತಾರೆ."

"ಡಬ್ಬೀದು?" ಎಂದರು ಸಾಬರು.

"ಡಬ್ಬಿಗೆ ನಿಮ್ಮ ಪುಡೀನೇ ಮಾಮೂ. ನೀವ್ ನುಂಗ್ತೀರಲ್ಲ, ನಿಮ್ಗೆ ಏನಾದ್ರೂ ಆದ್ರೆ? ಅದಕ್ಕೆ ಅಂತಾನೇ ಬೇರೆ ಮಾಡಿ ಇಡ್ತಿದ್ದೆ." ಅದನ್ನು ಅವನು ಮಾವನ ಮೇಲಿನ ಗೌರವ ಎಂಬಂತೆಯೇ ಹೇಳಿದ. ನನಗೆ ಅವನ ಕಪಾಳಕ್ಕೆ ಹೊಡೆಯಬೇಕೆನಿಸಿತು. ಬಾಗಿಲಲ್ಲಿ ಸಿದ್ರಾ ಮಗುವನ್ನು ಎತ್ತಿಕೊಂಡು ನಿಂತಿದ್ದಳು. ಸಾಬರು ಅವಳನ್ನು ಒಂದು ಸಲ ನೋಡಿದರು. ನಿನಗೆ ಗೊತ್ತಿತ್ತಾ ಎಂದು ಕೇಳಲಿಲ್ಲ. ಸ್ಟೂಲ್ ಮೇಲೆ ಕೂರದೆಯೇ ಹಿಂತಿರುಗಿದರು.

ಆ ವಾರ ಗುಬ್ಬಿ ಸಂತೆಯಲ್ಲಿ ಪುಡಿ ಇಲ್ಲದೆ ಬರಿಗೈಯಲ್ಲಿ ನಿಂತು ಎಲ್ಲವನ್ನೂ ಹೇಳಿದರು. ಅಳಿಯ ಮೋಸ ಮಾಡಿದ್ದು, ತಮಗೆ ಗೊತ್ತಿಲ್ಲದ್ದು, ಮನೆಯಲ್ಲಿರುವ ಪೊಟ್ಟಣವನ್ನೆಲ್ಲ ತಿಪ್ಪೆಗೆ ಎಸೆಯಬೇಕಾದ್ದು. ನಾನು ಪಕ್ಕದಲ್ಲೇ ಇದ್ದೆ. ಕೇಳಿದವರಲ್ಲಿ ಕೆಲವರು ಬೈದರು, ಕೆಲವರು ನಕ್ಕರು. ಗಿರಿಯಮ್ಮ ಎಂಬ ಮುದುಕಿ ಕೊನೆಯವರೆಗೂ ನಿಂತಿದ್ದು, ಹತ್ತಿರ ಬಂದು ಮೆಲ್ಲಗೆ ಕೇಳಿದಳು: "ಅದೆಲ್ಲಾ ಇರ್ಲಿ ಬುಡು ಸಾಬಣ್ಣ. ನಿನ್ ಅಳೀಮಯ್ಯನ ಅಂಗಡಿ ಕುಣಿಗಲ್ಲಲ್ಲಿ ಎಲ್ಲೈತೆ?"

ಎರಡೇ ತಿಂಗಳಲ್ಲಿ ಝುಬೇರ್ ತಾನೇ ಸಂತೆಗೆ ಬರತೊಡಗಿದ. ಪೊಟ್ಟಣದ ಮೇಲೆ ಮಾವನ ಫೋಟೋ ಹಾಗೇ ಇತ್ತು. ನಾನು ಮೇಲಿನವರಿಗೆ ಮೂರು ಅರ್ಜಿ ಬರೆದೆ. ಒಂದಕ್ಕೆ ಉತ್ತರ ಬಂತು, ಪರಿಶೀಲಿಸಲಾಗುವುದು ಎಂದು.

ಅತ್ತ ನಮ್ಮ ಮನೆಯಲ್ಲಿ ಅಮ್ಮನದು ಬೇರೆ ಪಾಡು. ಪುಡಿ ಬಿಟ್ಟ ಮೊದಲ ಹತ್ತು ದಿನ ಹಗಲೆಲ್ಲ ಮಲಗಿದಳು, ಕೈ ನಡುಗಿತು, ನನಗೆ ಶಾಪ ಹಾಕಿದಳು. ಪುಡಿ ಹೋದ ಮೇಲೆ ವಸಡಿನಲ್ಲಿ ಮತ್ತೆ ರಕ್ತ ಬಂತು. "ನೋಡ್ಲಾ, ಬಿಡ್ಸಿದ್ದಕ್ಕೆ ಹಿಂಗಾಯ್ತು" ಎಂದು ಕೂಗಾಡಿದಳು. ಡಾಕ್ಟರ್ ಕಾವ್ಯ ಇದನ್ನು ಮೊದಲೇ ಹೇಳಿದ್ದರಿಂದ ನಾನು ಹೆದರಲಿಲ್ಲ. ತಿಂಗಳಿಗೊಮ್ಮೆ ತುಮಕೂರಿಗೆ ಕರೆದುಕೊಂಡು ಹೋಗಿ ಕಿಟ್ಟ ತೆಗೆಸಿದೆ. ಮಿಷನ್ ಬಿಟ್ಟರೆ ಹಲ್ಲು ಸಡಿಲವಾಗುತ್ತದಂತಲ್ಲ ಎಂದು ಅಮ್ಮ ಕೇಳಿದಾಗ ಡಾಕ್ಟರ್ ನಕ್ಕರು. "ಗೋಡೆ ಒಳಗೇ ಕುಸಿದು ಮಣ್ಣು ಗುಡ್ಡೆ ಬಿದ್ದಿರುತ್ತೆ ಅಮ್ಮಾ. ಮಣ್ಣು ಎತ್ತಿದೋರನ್ನ ಹಿಡ್ಕೊಂಡು ನೀವೇ ಗೋಡೆ ಬೀಳ್ಸಿದ್ರಿ ಅಂದ್ರೆ ಹೇಗೆ?" ರಕ್ತ ಬಂದ ಕಡೆ ಉಜ್ಜುವುದನ್ನು ಬಿಡಬಾರದು, ಮೆತ್ತನೆಯ ಬ್ರಷ್‌ನಲ್ಲಿ ವಸಡಿನ ಅಂಚಿಗೆ ನಿಧಾನವಾಗಿ, ದಿನಕ್ಕೆ ಎರಡು ಸಲ ಉಜ್ಜಬೇಕು ಎಂದು ಕೈ ಹಿಡಿದು ಕಲಿಸಿದರು. ಅಮ್ಮನಿಗೆ ಎರಡು ಹಲ್ಲು ಹೋದವು, ಉಳಿದವು ನಿಂತವು.

ಸಾಬರಿಗೆ ಈಗ ಉಳಿದದ್ದು ಒಂದೇ ಹಟ. ತಮಗೆ ಗೊತ್ತಿರಲಿಲ್ಲ ಎಂಬುದನ್ನು ನಾಲ್ಕು ಜನ ಒಪ್ಪಬೇಕು. ಮಸೀದಿಯ ಜಮಾತಿನ ಹಿರಿಯರನ್ನು ಕೇಳಿಕೊಂಡರು. ಅಕ್ಟೋಬರಿನ ಒಂದು ಶುಕ್ರವಾರ ನಮಾಜಾದ ಮೇಲೆ ಹಿರಿಯರ ಮುಂದೆ ಆಣೆ ಮಾಡಿ ಹೇಳುವುದು, ಮನೆಯವರ ಮಾತನ್ನೂ ಅವರು ಕೇಳಿಕೊಳ್ಳುವುದು ಎಂದಾಯಿತು. ನಾನೂ ಬಂದು ನೋಡಿದ್ದನ್ನು ಹೇಳಬೇಕೆಂದು ಕರೆದರು. ಅವರ ಪರವಾಗಿ ಏನೇನು ಹೇಳಬೇಕೆಂದು ನಾನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡಿದ್ದೆ. ನಂಬಿದವನ ಕೈಯಲ್ಲೇ ಹಾಳಾದ ಮನುಷ್ಯ, ಇವರ ಹೆಸರಾದರೂ ಉಳಿಯಲಿ ಎಂಬುದು ನನ್ನ ಆಸೆ.

ಅದರ ಹಿಂದಿನ ದಿನ, ಗುರುವಾರ, ಅಮ್ಮನನ್ನು ಕ್ಲಿನಿಕ್ಕಿಗೆ ಕರೆದುಕೊಂಡು ಹೋದಾಗ ಅಲ್ಲಿ ಸಾಬರೂ ರಝಿಯಾ ಅವರೂ ಇದ್ದರು. ಹೆಂಡತಿಯ ಹಲ್ಲನ್ನೂ ತೋರಿಸಿ ಎಂದು ನಾನೇ ಹೇಳಿ ಹೇಳಿ ಸಾಬರನ್ನು ಒಪ್ಪಿಸಿದ್ದೆ. ಡಾ. ಕಾವ್ಯ ರಝಿಯಾರನ್ನು ಒಳಗೆ ನೋಡಿ, ಅವರ ಜೊತೆಗೇ ಹೊರಗೆ ಬಂದು, ಕೆಳಗಿನ ಮುಂದಿನ ಆರು ಹಲ್ಲು ತೆಗೆಯಲೇಬೇಕು, ಮೂಳೆ ಪೂರಾ ಕರಗಿದೆ ಎಂದರು.

"ಉಳ್ಸಕ್ಕಾಗಲ್ವಾ ಡಾಕ್ಟ್ರಮ್ಮ?" ಎಂದರು ಸಾಬರು.

"ರಕ್ತ ಬರೋಕೆ ಶುರುವಾದಾಗ ಕರ್ಕೊಂಡ್ ಬಂದಿದ್ರೆ ಕ್ಲೀನ್ ಮಾಡಿ ಕಳಿಸ್ತಿದ್ದೆ. ಅರ್ಧ ಗಂಟೆ ಕೆಲಸ." ಹಾಗೆಂದು ಒಳಗೆ ಹೋಗಿ ಸೂಜಿ ಮದ್ದಿನ ಸಿದ್ಧತೆಗೆ ತೊಡಗಿದರು.

ಬೆಂಚಿನ ಮೇಲೆ ನಾವು ನಾಲ್ವರೇ. ಸಾಬರು ಹೆಂಡತಿಯೊಡನೆ ನಾಳೆಯ ಮಾತೆತ್ತಿದರು. "ಜಮಾತಿನೋರು ಕೇಳ್ದಾಗ ನೀನು ಒಂದೇ ಮಾತು ಹೇಳು. ಪುಡೀಲಿ ಏನೈತೆ ಅಂತ ನಮ್ ಮನೇಲಿ ಯಾರ್ಗೂ ಗೊತ್ತಿರ್ಲಿಲ್ಲ ಅನ್ನು. ಸಾಕು."

"ನಂಗೊತ್ತಿತ್ತು," ಎಂದರು ರಝಿಯಾ.

ಮನೆಯಲ್ಲಿ ಅವರದು ಉರ್ದು. ಗಂಡನೊಡನೆ ಆಕೆ ನನ್ನೆದುರು ಕನ್ನಡ ಆಡಿದ್ದು ನಾನು ಕೇಳಿರಲಿಲ್ಲ. ಅಂದು ಕನ್ನಡದಲ್ಲೇ ಹೇಳಿದರು, ನನಗೂ ಕೇಳಲಿ ಎಂದೇ.

"ಮೊದ್ಲನೇ ವಾರಾನೇ ಗೊತ್ತಾಯ್ತು. ನಮ್ಮಮ್ಮ ಸಾಯೋವರ್ಗೂ ಹೊಗೆಸೊಪ್ಪಿನ ಪುಡೀನೇ ತಿಕ್ತಿದ್ಲು. ಆ ವಾಸ್ನೆ ನಂಗೆ ಗೊತ್ತಾಗಲ್ವಾ?"

ಸಾಬರು ಆಕೆಯ ಕಡೆ ಪೂರಾ ತಿರುಗಿದರು. "ಗೊತ್ತಿದ್ದೂ ಆರ್ ವರ್ಷ ಬಾಯ್ ಮುಚ್ಕೊಂಡಿದ್ಯಾ? ಮಗಳ ಸಂಸಾರ ಕೆಡುತ್ತೆ ಅಂತಾನಾ?"

"ಮಗಳ ಸಂಸಾರ ಆಮೇಲಿನ ಮಾತು. ರಕ್ತ ನಿಂತಿತ್ತು ಕಣ್ರೀ. ನಿಮ್ಮ ಪುಡೀಲಿ ಹದ್ನಾಲ್ಕ್ ವರ್ಷ ನಿಲ್ದಿರೋ ರಕ್ತ ಅವನ ಪುಡೀಲಿ ಹದ್ನೈದ್ ದಿನಕ್ಕೆ ನಿಂತೋಯ್ತು. ಬೆಳಿಗ್ಗೆ ಎದ್ರೆ ದಿಂಬಿನ ಮೇಲೆ ರಕ್ತ ಇರ್ತಿರ್ಲಿಲ್ಲ. ಆ ಹದ್ನಾಲ್ಕ್ ವರ್ಷಾನೂ ನೀವು ಸಂತೇಲಿ ನಿಂತ್ಕೊಂಡು ನಮ್ ಮನೆಯೋಳ ರಕ್ತ ನಿಲ್ಸಿದ ಪುಡಿ ಅಂತ ಕೂಗ್ತಿದ್ರಲ್ಲ, ಆವಾಗ ನಿಂತಿತ್ತಾ?"

ಅಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

"ರಂಜಾನ್ ಉಪವಾಸ ಬಂದ್ರೆ ಮಧ್ಯಾಹ್ನ ತಲೆ ಸಿಡಿಯೋದು. ತಡ್ಕೊಳಕ್ಕಾಗ್ದೆ ಬಚ್ಚಲಿಗೋಗಿ ತಿಕ್ಕೋತಿದ್ದೆ. ಆರ್ ರಂಜಾನಿಂದ ನನ್ನ ಒಂದ್ ರೋಜಾನೂ ಪೂರ್ತಿ ಆಗಿಲ್ಲ. ಇಫ್ತಾರ್‌ಗೆ ನಿಮ್ಮ ಪಕ್ಕ ಕೂತ್ಕೊಂಡು ಖರ್ಜೂರ ತಿಂದೀನಿ." ಆಗ ಮಾತ್ರ ಆಕೆಯ ದನಿ ಒಡೆಯಿತು.

"ನಂಗೆ ಒಂದ್ ಮಾತು ಹೇಳಿದ್ರೆ ಅವತ್ತೇ ಡಾಕ್ಟ್ರ ಹತ್ರ…" ಎಂದು ಸಾಬರು ಶುರುಮಾಡಿದರು.

"ಹೇಳಿದ್ದೆ. ಮೂರ್ ಸಲ ಕೇಳಿದೀನಿ. ಬಾಣಂತೀಲಿ ಒಂದ್ಸಲ. ಬಾಯಿ ಊದ್ಕೊಂಡು ಊಟ ಬಿಟ್ಟಾಗ ಒಂದ್ಸಲ. ಸಿದ್ರಾ ಮದ್ವೇಗೆ ಮುಂಚೆ ಒಂದ್ಸಲ. ಪುಡಿ ಸಾಬಿ ಹೆಂಡ್ತಿ ಹಲ್ ಡಾಕ್ಟ್ರ ಕುರ್ಚೀಲಿ ಕೂತ್ಲು ಅಂದ್ರೆ ಸಂತೇಲಿ ನನ್ ಮಾತು ಯಾರ್ ನಂಬ್ತಾರೆ ಅಂದ್ರಿ."

ಒಳಗಿನಿಂದ ಕರೆದರು. ರಝಿಯಾ ತಮ್ಮ ಕೈಚೀಲವನ್ನು ಗಂಡನ ಪಕ್ಕಕ್ಕಿಟ್ಟು ಒಳಗೆ ಹೋದರು. ಬಾಗಿಲು ಮುಚ್ಚಿತು.

ನಾಳೆಗೆಂದು ಬರೆದಿದ್ದ ಹಾಳೆ ನನ್ನ ಜೇಬಿನಲ್ಲೇ ಇತ್ತು. ಅದರಲ್ಲಿದ್ದ ಒಂದು ಮಾತೂ ಸುಳ್ಳಾಗಿರಲಿಲ್ಲ, ಆದರೂ ಅದನ್ನು ಎಲ್ಲಿಯೂ ಓದಲಾರೆ ಎಂದು ನನಗೆ ಗೊತ್ತಾಯಿತು. ಅಳಿಯನ ಮೇಲಿದ್ದ ಸಿಟ್ಟು ಹಾಗೇ ಇತ್ತು. ಸಾಬರ ಮೇಲೆ ಏನು ಬಂತೋ ಅದಕ್ಕೆ ಹೆಸರು ಹುಡುಕುತ್ತಾ ಕೂತೆ.

ಒಳಗೆ ಟ್ರೇ ಮೇಲೆ ಏನೋ ಇಟ್ಟ ಸದ್ದಾಯಿತು. ಸಾಬರು ಕೈಚೀಲವನ್ನು ತೊಡೆಯ ಮೇಲೆ ಎತ್ತಿಕೊಂಡು, ನನ್ನ ಕಡೆ ನೋಡದೆ ಹೇಳಿದರು:

"ಮೂರ್ ಸಲ ಕೇಳಿದ್ಲಂತೆ ಸಾರ್. ನಂಗೆ ಒಂದ್ ಸಲಾನೂ ನೆನಪಿಲ್ಲ."